ಕೆಆರ್‌ಎಸ್ ಮಟ್ಟ ಬಾಯಿಪಾಠ, ಬೋರಿನ ಮಟ್ಟ?

ಮಳೆಗಾಲದಲ್ಲಿ ಮಂಡ್ಯದ ಕಡೆ ಯಾವುದಾದರೂ ಟೀ ಅಂಗಡಿಯಲ್ಲಿ ಕೂತು ‘ಕಟ್ಟೆ ಎಷ್ಟಾಯ್ತು?’ ಎಂದು ಕೇಳಿ ನೋಡಿ. ಯಾವ ಕಟ್ಟೆ ಎಂದು ಯಾರೂ ತಿರುಗಿ ಕೇಳುವುದಿಲ್ಲ. ‘ನಿನ್ನೆ ನೂರಾ ಹದಿನೆಂಟಿತ್ತು, ರಾತ್ರಿಗೆ ಒಂದೂವರೆ ಅಡಿ ಏರೈತೆ, ಕೊಡಗಲ್ಲಿ ಇನ್ನೆರಡು ದಿನ ಹಿಂಗೇ ಹುಯ್ದ್ರೆ ತುಂಬ್ತದೆ’ ಎಂದು ಪೇಪರ್ ಓದುತ್ತಿರುವವರು ಹೇಳುತ್ತಾರೆ. ಓದದವರೂ ಹೇಳುತ್ತಾರೆ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ ಎಂಬುದು ಆ ಸೀಮೆಯಲ್ಲಿ ಮಗ್ಗಿಯ ಹಾಗೆ ಬಾಯಿಗೆ ಬರುವ ಮಾತು. ದಶಮಾಂಶದ ಮುಂದಿನ ಎರಡು ಅಂಕಿಗಳನ್ನೂ ಬಿಡದೆ ಹೇಳುವ ಇಂಥ ಇನ್ನೊಂದು ಸಂಖ್ಯೆ ನಮ್ಮ ಹಳ್ಳಿಗಳಲ್ಲಿ ಇದೆಯೋ ಇಲ್ಲವೋ.

ಈಗ ಅದೇ ಬೆಂಚಿನ ಮೇಲೆ ಕೂತವರನ್ನು, ಅದರಲ್ಲೂ ನಾಲೆ ನೀರು ಹತ್ತದ ಎತ್ತರದ ಊರಿನವರನ್ನು, ಅವರ ಬೋರ್‌ವೆಲ್ ಬಗ್ಗೆ ಕೇಳಿ. ಎಷ್ಟಡಿ ಕೊರೆಸಿದರು, ಎಷ್ಟಡಿಗೆ ಕೇಸಿಂಗ್ ಇಳಿಸಿದರು, ಯಾವ ಕಂಪನಿ ಮೋಟ್ರು, ಎಷ್ಟು ಸಾಲ, ಹಿಂದೆ ಎಷ್ಟು ಬೋರು ಫೇಲಾದವು ಎಲ್ಲಾ ಹೇಳುತ್ತಾರೆ. ‘ನೀರು ಈಗ ಎಷ್ಟಡಿಯಲ್ಲಿ ನಿಂತಿದೆ?’ ಎಂದರೆ ಮಾತ್ರ ಮಾತು ನಿಲ್ಲುತ್ತದೆ. ‘ಮೋಟ್ರು ಎತ್ತುತಾ ಅದಲ್ಲ ಸಾರ್.’ ಎಷ್ಟೋ ಕಿಲೋಮೀಟರ್ ಆಚೆಯ ಅಣೆಕಟ್ಟೆಯ ಮಟ್ಟ ಗೊತ್ತು, ಹೊಲದ ನಡುವೆ ತಾವೇ ತೋಡಿಸಿದ ಬಾವಿಯ ಮಟ್ಟ ಗೊತ್ತಿಲ್ಲ.

ನದಿ, ಕೆರೆ, ಅಂತರ್ಜಲಗಳ ಸಂಶೋಧನೆಯನ್ನು ಜನರಿಗೆ ಮುಟ್ಟಿಸುವುದು ಹೇಗೆ ಎಂದು ಚರ್ಚೆ ನಡೆದಾಗಲೆಲ್ಲ ನನಗೆ ನೆನಪಾಗುವುದು ಈ ಎರಡು ಸಂಖ್ಯೆಗಳು. ರೈತರಿಗೆ ವಿಜ್ಞಾನ ಅರ್ಥವಾಗುವುದಿಲ್ಲ, ಅದಕ್ಕೇ ಸರಳ ಭಾಷೆ, ಬಣ್ಣದ ಚಿತ್ರ, ಬೀದಿನಾಟಕ ಬೇಕು ಎಂದು ತಜ್ಞರು ವಾದಿಸುತ್ತಾರೆ. ಕೆಆರ್‌ಎಸ್ ಮಟ್ಟಕ್ಕೆ ಯಾರೂ ಬೀದಿನಾಟಕ ಆಡಲಿಲ್ಲ. ಪತ್ರಿಕೆಗಳು ದಿನಾ ಒಂದು ಮೂಲೆಯಲ್ಲಿ ಅಚ್ಚು ಹಾಕಿದವು, ಅಷ್ಟೇ. ಆ ಅಂಕಿಯ ಮೇಲೆ ನಾಲೆಗೆ ನೀರು ಬಿಡುವುದು ನಿಂತಿತ್ತು. ನಾಲೆ ನೀರಿನ ಮೇಲೆ ಭತ್ತದ ಒಟ್ಲು ಹಾಕುವುದೋ ಬೇಡವೋ ಎಂಬುದು ನಿಂತಿತ್ತು. ಮನೆಯ ಅನ್ನಕ್ಕೆ ನೇರ ಕೊಂಡಿ ಇದ್ದ ಸಂಖ್ಯೆಯನ್ನು ಜನ ತಾವಾಗಿಯೇ ಕಲಿತರು. ಅಡಿ, ಟಿಎಂಸಿ, ಕ್ಯೂಸೆಕ್ ಯಾವುದನ್ನೂ ಯಾರೂ ಕನ್ನಡಕ್ಕೆ ಅನುವಾದಿಸಿಕೊಡಬೇಕಾಗಲಿಲ್ಲ.

ಇನ್ನೊಂದು ಕಾರಣವೂ ಇದೆ, ಅದನ್ನು ಹೇಳುವುದು ಸ್ವಲ್ಪ ಮುಜುಗರ. ಕಟ್ಟೆಯ ಮಟ್ಟ ಇಳಿದರೆ ಬೈಯಲು ಬೇರೆಯವರಿದ್ದಾರೆ: ಮಳೆರಾಯ, ಸರ್ಕಾರ, ತಮಿಳುನಾಡು. ಬೋರಿನ ಮಟ್ಟ ಇಳಿದರೆ ಬೈಯಲು ಸಿಗುವುದು ಪಕ್ಕದ ಹೊಲದವನು, ಅವನನ್ನು ಬಿಟ್ಟರೆ ನಾವು. ಯಾರ ಕಡೆಗೆ ಬೆರಳು ತಿರುಗುತ್ತದೆ ಎಂಬುದರ ಮೇಲೂ ಒಂದು ಸಂಖ್ಯೆಯ ಜನಪ್ರಿಯತೆ ನಿಂತಿರುತ್ತದೆ.

ಅರ್ಕಾವತಿಯ ಕಥೆ ನೋಡಿ. ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರ, ಹೆಸರಘಟ್ಟ ದಾಟಿ, ರಾಮನಗರ, ಕನಕಪುರ ಹಾದು ಸಂಗಮದಲ್ಲಿ ಕಾವೇರಿ ಸೇರುವ ನದಿ. ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಕೊಟ್ಟದ್ದು ಇದೇ. 1890ರ ದಶಕದಲ್ಲಿ ಹೆಸರಘಟ್ಟದಿಂದ, ಆಮೇಲೆ 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯದಿಂದ. 1975ಕ್ಕೆ ಮೊದಲು ತಿಪ್ಪಗೊಂಡನಹಳ್ಳಿಗೆ ದಿನಕ್ಕೆ ಸರಾಸರಿ 38.5 ಕೋಟಿ ಲೀಟರ್ ಒಳಹರಿವಿತ್ತು. 2000ದ ಈಚೆಗೆ ಅದು 6.5 ಕೋಟಿ ಲೀಟರಿಗೆ ಇಳಿಯಿತು. ಕೊನೆಗೆ ಅಲ್ಲಿಂದ ನಗರಕ್ಕೆ ನೀರು ಪಂಪು ಮಾಡುವುದೇ ನಿಂತುಹೋಯಿತು.

ನದಿ ಯಾಕೆ ಒಣಗಿತು? ಊರಿನಲ್ಲಿ ಯಾರನ್ನು ಕೇಳಿದರೂ ಎರಡು ಉತ್ತರ ಸಿದ್ಧ. ಒಂದು, ಮೊದಲಿನ ಮಳೆ ಈಗಿಲ್ಲ. ಇನ್ನೊಂದು, ಬೆಂಗಳೂರಿನವರು ಬಂದು ಲೇಔಟ್ ಮಾಡಿ ಕಾಲುವೆ ಮುಚ್ಚಿಹಾಕಿದರು. ಬೆಂಗಳೂರಿನ ಏಟ್ರೀ ಸಂಸ್ಥೆಯ ವೀಣಾ ಶ್ರೀನಿವಾಸನ್ ಮತ್ತು ಸಂಗಡಿಗರು ಈ ಪ್ರಶ್ನೆಯನ್ನೇ ಹಿಡಿದು ಅಧ್ಯಯನ ಮಾಡಿ 2015ರಲ್ಲಿ ಪ್ರಬಂಧ ಪ್ರಕಟಿಸಿದರು. ಅವರು ಒಂದೇ ಕಾರಣಕ್ಕೆ ಜೋತುಬೀಳದೆ, ಜನ ಹೇಳುವ ಕಾರಣಗಳನ್ನೂ ತಮಗೆ ತೋಚಿದವನ್ನೂ ಸಾಲಾಗಿ ನಿಲ್ಲಿಸಿ ಒಂದೊಂದನ್ನೇ ಪರೀಕ್ಷೆಗೆ ಒಡ್ಡಿದರು. ಮಳೆಯ ಪ್ರಮಾಣ, ಅದು ಬೀಳುವ ಕಾಲ, ತಾಪಮಾನದ ಏರಿಕೆ, ಅಂತರ್ಜಲ ಎತ್ತುವಿಕೆ, ನೀಲಗಿರಿ ತೋಪು, ಹಳ್ಳಕ್ಕೆ ಅಡ್ಡ ಬಂದ ಒಡ್ಡು-ಒತ್ತುವರಿ. ಹವಾಮಾನ ಬದಲಾವಣೆಯಿಂದ ಈ ಪರಿ ಒಣಗಿರಲಾರದು ಎಂದು ತೇಲಿತು. ಹೆಚ್ಚು ಸಂಭವವಿದ್ದದ್ದು ಬೋರ್‌ವೆಲ್ಲುಗಳು ಮತ್ತು ನೀಲಗಿರಿ. ಹಳ್ಳದ ಅಡ್ಡಿಗಳದು ಅವುಗಳ ಹಿಂದಿನ ಸ್ಥಾನ.

ಅಂದರೆ ಊರಿನವರು ಹೇಳುತ್ತಿದ್ದ ಎರಡು ಉತ್ತರಗಳಲ್ಲಿ ಒಂದು ತಪ್ಪು, ಇನ್ನೊಂದು ಅರ್ಧ ಸರಿ. ನಿಜವಾದ ಉತ್ತರ ಅವರ ಹೊಲದಲ್ಲೇ ಗುಂಯ್‌ಗುಟ್ಟುತ್ತಿತ್ತು. ಇಂಥ ಫಲಿತಾಂಶವನ್ನು ‘ಜನರಿಗೆ ತಲುಪಿಸುವುದು’ ಎಂದರೆ ಏನು? ಕರಪತ್ರ ಮಾಡಿ ಹಂಚುವುದೇ? ‘ನಿಮ್ಮ ನದಿ ಬತ್ತಲು ನೀವೇ ಕಾರಣ’ ಎಂದು ಬರೆದ ಕರಪತ್ರದಲ್ಲಿ ಜನ ಕಡಲೇಕಾಯಿ ಕಟ್ಟಿಕೊಂಡು ಹೋಗುತ್ತಾರೆ, ನ್ಯಾಯವಾಗಿಯೇ.

ಕೆಲವು ವರ್ಷಗಳ ಹಿಂದೆ ಆ ಕಡೆಯ ಒಂದು ಹಳ್ಳಿಯಲ್ಲಿ ಹೀಗೆ ‘ತಲುಪಿಸುವ’ ಸಭೆಯೊಂದಕ್ಕೆ ಹೋಗಿದ್ದೆ. ಏರ್ಪಡಿಸಿದ್ದವರು ಈ ಅಧ್ಯಯನ ಮಾಡಿದವರಲ್ಲ, ಬೇರೆ ಯಾರೋ. ಶಾಲೆಯ ಕೊಠಡಿಯಲ್ಲಿ ಪ್ರೊಜೆಕ್ಟರ್ ಇಟ್ಟು, ಕಿಟಕಿಗೆ ಜಮಖಾನ ಕಟ್ಟಿ ಕತ್ತಲು ಮಾಡಿದ್ದರು. ಅಧಿಕಾರಿಯೊಬ್ಬರು ‘ಜಲಾನಯನ ಪ್ರದೇಶದಲ್ಲಿ ಮೇಲ್ಮೈ ಹರಿವಿನ ಕುಂಠಿತಗೊಳ್ಳುವಿಕೆ’ ಎಂದು ಓದಿದರು. ಜಲಾನಯನ ಎಂದರೆ ಆ ಊರಿನವರಿಗೆ ಒಂದು ಇಲಾಖೆಯ ಹೆಸರು, ಹೊಲಕ್ಕೆ ಬದು ಹಾಕಿಸಿಕೊಡುವ ಇಲಾಖೆ. ಒಂದು ಹಳ್ಳಕ್ಕೆ ನೀರು ಹರಿದುಬರುವ ಅಷ್ಟೂ ನೆಲ ಎಂಬ ಅರ್ಥ ಆ ಪದದಿಂದ ಎಂದೋ ಸೋರಿಹೋಗಿದೆ. ಅರ್ಧ ಗಂಟೆಯಲ್ಲಿ ಅರ್ಧ ಜನ ಎದ್ದುಹೋದರು.

ಉಳಿದವರ ಜೊತೆ ಹೊರಗೆ ಜಗಲಿಯ ಮೇಲೆ ಕೂತು ಮಾತಾಡಿದವಳು ತಂಡದ ಜೊತೆ ಬಂದಿದ್ದ ಒಬ್ಬ ವಿದ್ಯಾರ್ಥಿನಿ. ಅವಳು ಶುರುಮಾಡಿದ್ದೇ ಪ್ರಶ್ನೆಯಿಂದ: ‘ತಾತ, ನೀವು ಚಿಕ್ಕೋರಿದ್ದಾಗ ಈ ಹಳ್ಳದಲ್ಲಿ ನೀರು ಯಾವಾಗಿನವರೆಗೂ ಇರ್ತಿತ್ತು?’ ಮುದುಕರು ಸಂಕ್ರಾಂತಿ ಆದಮೇಲೂ ಇರುತ್ತಿತ್ತು ಎಂದರು. ಬೇಸಿಗೆಯಲ್ಲಿ ಮರಳಿನಲ್ಲಿ ಮೊಳಕೈ ಆಳ ತೋಡಿದರೆ ಒರತೆ ಬರುತ್ತಿತ್ತು, ದನಕ್ಕೆ ಅದೇ ನೀರು. ಬಾವಿಯಲ್ಲಿ? ಬಾವಿಯಲ್ಲಿ ಬಗ್ಗಿದರೆ ಕಾಣುತ್ತಿತ್ತು. ಹಾಗಾದರೆ ಮಳೆ ನಿಂತ ಮೇಲೂ ಹಳ್ಳದಲ್ಲಿ ಹರಿಯುತ್ತಿದ್ದ ನೀರು ಎಲ್ಲಿಂದ ಬರುತ್ತಿತ್ತು ಎಂದು ಅವಳು ಕೇಳಿದಳು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ನಮ್ಮ ಬಯಲುಸೀಮೆಯ ನೆಲದ ರಚನೆ ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರಲಾರದು. ಬಾವಿ ತೋಡಿದ ಕೈ. ಮೇಲೆ ಮಣ್ಣು, ಅದರ ಕೆಳಗೆ ಪುಡಿಪುಡಿಯಾದ ಕಲ್ಲಿನ ಪದರ, ಅದರಡಿ ಗಟ್ಟಿ ಬಂಡೆ, ಬಂಡೆಯಲ್ಲಿ ಅಲ್ಲೊಂದು ಇಲ್ಲೊಂದು ಬಿರುಕು. ಆ ನಡುವಿನ ಪದರ ನೀರು ತುಂಬಿಕೊಂಡು ಕೂತಿದ್ದಾಗ ಅದರ ಹೆಚ್ಚಿನ ನೀರು ತಗ್ಗಿನ ಹಳ್ಳಕ್ಕೆ ಬಸಿಯುತ್ತಿತ್ತು. ಈಗ ನೀರು ಬಂಡೆಯ ಬಿರುಕಿಗೆ, ನೂರಾರು ಅಡಿ ಕೆಳಗೆ ಇಳಿದಿದೆ. ನಡುವಿನ ಪದರ ಒಣಗಿ ಬಾಯಿಬಿಟ್ಟಿದೆ. ಬಿದ್ದ ಮಳೆಯನ್ನೆಲ್ಲ ಅದೇ ಹೀರುತ್ತದೆ.

ಇಷ್ಟನ್ನು ಅವಳು ಬೆರಳಲ್ಲಿ ನೆಲದ ಮೇಲೆ ಗೀಚಿ ತೋರಿಸಿದಾಗ ಮುದುಕರು ಅಂದದ್ದು ಇದು: ‘ಹೊಸ ಮಡಕೆಗೆ ನೀರು ಹುಯ್ದಂಗಾಯ್ತು ಬಿಡಮ್ಮ. ಮೊದ್ಲು ಮಡಕೇನೇ ಕುಡೀತದೆ. ಅದು ಕುಡಿದು ಮಿಕ್ಕಿದ್ರೆ ತಾನೆ ನಮಗೆ?’

ಪ್ರೊಜೆಕ್ಟರಿನ ಇಪ್ಪತ್ತು ಚಿತ್ರಗಳಲ್ಲಿ ಇರದಿದ್ದ ವಿವರಣೆ ಅದು. ಅದನ್ನು ಹೇಳಿದವರು ಕೇಳಲು ಬಂದಿದ್ದವರು.

ನೀಲಗಿರಿಯ ವಿಷಯದಲ್ಲಂತೂ ಈ ಮಾತು ಹೆಚ್ಚು ಸಲ್ಲುತ್ತದೆ. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತುಹಾಕಿ, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದ್ದರು. ನೀಲಗಿರಿ ನೆಲದ ನೀರು ಕುಡಿಯುತ್ತದೆ ಎಂದು ಅವರು ಅಂದಾಗ ಅದು ವಿಜ್ಞಾನ ಅನ್ನಿಸಿಕೊಳ್ಳಲಿಲ್ಲ, ಗಲಾಟೆ ಅನ್ನಿಸಿಕೊಂಡಿತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ವಿಜ್ಞಾನ ಸಂವಹನ ಎಂದರೆ ಪ್ರಯೋಗಾಲಯದಿಂದ ಹಳ್ಳಿಗೆ ಇಳಿಯುವ ನಾಲೆ ಎಂದೇ ನಾವು ಭಾವಿಸಿದ್ದೇವೆ. ಮೂವತ್ತನಾಲ್ಕು ವರ್ಷ ಆ ನಾಲೆಯಲ್ಲಿ ಎದುರುಮುಖವಾಗಿ ಈಜಬೇಕಾಯಿತು ಒಂದು ಮಾತು.

ಹಾಗೆಂದು ಊರಿನವರು ಹೇಳಿದ್ದೆಲ್ಲ ಸರಿ ಎಂದು ಕೈಮುಗಿಯುವವನು ನಾನಲ್ಲ. ಇಂಚಿನ ಲೆಕ್ಕವನ್ನೇ ತೆಗೆದುಕೊಳ್ಳಿ. ‘ಎರಡಿಂಚು ನೀರು ಬಿತ್ತು’ ಎಂದರೆ ನಮ್ಮಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಬೋರು ಕೊರೆದಾಗ ಹೊರಬರುವ ನೀರನ್ನು ಇಂಗ್ಲಿಷಿನ ‘ವಿ’ ಆಕಾರಕ್ಕೆ ಕತ್ತರಿಸಿದ ತಗಡಿನ ಮೂಲಕ ಹರಿಸಿ, ಆ ಕೊರಕಲಿನಲ್ಲಿ ನೀರು ಎಷ್ಟು ಇಂಚು ಎತ್ತರ ನಿಲ್ಲುತ್ತದೆ ಎಂದು ನೋಡುವ ಕ್ರಮದಿಂದ ಬಂದ ಲೆಕ್ಕ ಇದು. ಒಳ್ಳೆಯ ಕ್ರಮವೇ. ಆದರೆ ಎರಡಿಂಚು ಎಂದರೆ ಒಂದಿಂಚಿನ ಎರಡರಷ್ಟು ಎಂದು ಬಹುತೇಕ ರೈತರು ತಿಳಿದಿದ್ದಾರೆ. ಅಲ್ಲ. ‘ವಿ’ ಮೇಲೆ ಹೋದಂತೆ ಅಗಲವಾಗುತ್ತದೆ, ನೀರಿನ ವೇಗವೂ ಹೆಚ್ಚುತ್ತದೆ. ಎರಡಿಂಚು ಎಂದರೆ ಒಂದಿಂಚಿನ ಐದೂವರೆ ಪಟ್ಟಿಗೂ ಮೇಲೆ. ಎರಡಿಂಚು ಇದ್ದ ಬೋರು ಒಂದಿಂಚಿಗೆ ಬಂತು ಎಂದರೆ ಅರ್ಧ ಹೋಯಿತು ಎಂದಲ್ಲ, ಐದರಲ್ಲಿ ನಾಲ್ಕು ಭಾಗ ಹೋಯಿತು ಎಂದರ್ಥ. ಇದನ್ನು ನಾನು ಹೇಳಿದಾಗ ಒಬ್ಬರು ಲೆಕ್ಕ ಹಾಕಿ, ‘ಅದಕ್ಕೇ ಒಂದೆಕರೆ ಹಿಪ್ಪುನೇರಳೆಗೆ ಸಾಲ್ತಾ ಇಲ್ಲ’ ಎಂದರು. ಜನರ ಅಳತೆಯನ್ನು ಬಿಡಿಸಿ ‘ಲೀಟರ್ ಪರ್ ಸೆಕೆಂಡ್’ ಕಲಿಸಬೇಕಿಲ್ಲ. ಅವರ ಇಂಚಿನೊಳಗೇ ಇರುವ ಲೆಕ್ಕವನ್ನು ಬಿಚ್ಚಿ ತೋರಿಸಿದರೆ ಸಾಕು.

ಮಳೆಯದೂ ಹೀಗೆಯೇ. ನಮ್ಮವರಿಗೆ ಹದ ಮಳೆ ಗೊತ್ತು, ಮಿಲಿಮೀಟರ್ ಗೊತ್ತಿಲ್ಲ. ಒಂದು ಚದರ ಮೀಟರಿನ ಮೇಲೆ ಬಿದ್ದ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು, ಎಕರೆಗೆ ನಾಲ್ಕು ಸಾವಿರ ಲೀಟರ್ ಚಿಲ್ಲರೆ. ಇಪ್ಪತ್ತೈದು ಮಿಲಿಮೀಟರ್ ಬಿದ್ದರೆ ಎಕರೆಗೆ ಒಂದು ಲಕ್ಷ ಲೀಟರ್, ಅಂದರೆ ಐದು ಸಾವಿರ ಲೀಟರಿನ ಇಪ್ಪತ್ತು ಟ್ಯಾಂಕರ್. ಮಳೆಯನ್ನು ಹೀಗೆ ಲೀಟರಿನಲ್ಲಿ ಎಣಿಸುವ ರೂಢಿಯನ್ನು ಕನ್ನಡಕ್ಕೆ ತಂದವರಲ್ಲಿ ಕೃಷಿ ಪತ್ರಕರ್ತ ಶ್ರೀ ಪಡ್ರೆ ಮುಖ್ಯರು. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ಯಂತೂ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಅಳೆಯಲು ದುಬಾರಿ ಉಪಕರಣ ಬೇಡ, ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ ಸ್ಟೀಲ್ ಡಬ್ಬ ಬಯಲಲ್ಲಿಟ್ಟು ಬೆಳಿಗ್ಗೆ ಸ್ಕೇಲು ಇಳಿಬಿಟ್ಟರಾಯಿತು. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಅಳೆದು ಕಳಿಸುವ ಮಳೆಮಾಪಕಗಳನ್ನು ಇಟ್ಟಿದೆ, ‘ವರುಣಮಿತ್ರ’ ಸಹಾಯವಾಣಿಗೆ ಫೋನ್ ಮಾಡಿದರೆ ಹೇಳುತ್ತಾರೆ. ದೊಡ್ಡ ಕೆಲಸ. ಆದರೂ ಸ್ವಂತ ಡಬ್ಬದಲ್ಲಿ ಅಳೆದ ಮಳೆ ಬೇರೆಯೇ.

ಈ ‘ಸ್ವಂತ ಡಬ್ಬ’ದ ತತ್ವವನ್ನು ಕೊನೆಯವರೆಗೂ ಎಳೆದವರು ಪಕ್ಕದ ಆಂಧ್ರದವರು. 2003ರ ಸುಮಾರಿಗೆ ಆರಂಭವಾದ ರೈತ ನಿರ್ವಹಣೆಯ ಅಂತರ್ಜಲ ಯೋಜನೆ, ಆಗಿನ ಅವಿಭಜಿತ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ 600ಕ್ಕೂ ಹೆಚ್ಚು ಹಳ್ಳಿಗಳಲ್ಲಿ ನಡೆಯಿತು. ನಮ್ಮ ಪಾವಗಡ, ಚಳ್ಳಕೆರೆಗೆ ಅಂಟಿಕೊಂಡಿರುವ ಅನಂತಪುರವೂ ಅದರಲ್ಲಿತ್ತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಬೆನ್ನಿಗಿತ್ತು. ಅಲ್ಲಿ ಸಬ್ಸಿಡಿ ಇರಲಿಲ್ಲ, ಬೋರ್ ಕೊರೆಯಬೇಡ ಎಂಬ ಆದೇಶವೂ ಇರಲಿಲ್ಲ. ರೈತರೇ, ಅವರಲ್ಲಿ ಹೆಂಗಸರೂ ಸೇರಿ, ಮಳೆ ಅಳೆದರು. ಹದಿನೈದು ದಿನಕ್ಕೊಮ್ಮೆ ಬೋರಿಗೆ ಟೇಪು ಬಿಟ್ಟು ಮಟ್ಟ ನೋಡಿದರು. ಡ್ರಮ್ಮು, ಗಡಿಯಾರ ಹಿಡಿದು ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ಇಳುವರಿ ಲೆಕ್ಕ ಹಾಕಿದರು. ಊರಿನ ಗೋಡೆಯ ಮೇಲೆ ಬರೆದರು. ಒಂದೇ ಹಳ್ಳಕ್ಕೆ ನೀರು ಹರಿಯುವ ಊರುಗಳೆಲ್ಲ ಹಿಂಗಾರಿಗೆ ಮುಂಚೆ ಸಭೆ ಸೇರಿ, ಈ ವರ್ಷ ನೆಲದೊಳಗೆ ಇಳಿದ ನೀರೆಷ್ಟು, ನಾವು ಬೆಳೆಯಬೇಕೆಂದಿರುವ ಬೆಳೆಗಳಿಗೆ ಬೇಕಾದದ್ದೆಷ್ಟು ಎಂದು ಕೂಡಿ ಕಳೆದರು. ಭತ್ತಕ್ಕೆ ಸಾವಿರ ಮಿಲಿಮೀಟರಿಗೂ ಮೇಲೆ ಬೇಕು, ರಾಗಿಗೆ ಅದರ ಅರ್ಧವೂ ಬೇಡ ಎಂಬುದು ಆಗ ಭಾಷಣವಾಗಿ ಉಳಿಯುವುದಿಲ್ಲ. ಗೋಡೆಯ ಮೇಲೆ ಕೊರತೆ ಎದ್ದು ಕಾಣುತ್ತಿರುವಾಗ ಭತ್ತ ನಾಟಿ ಮಾಡುತ್ತೇನೆ ಎನ್ನುವವನು ಊರ ಮುಂದೆ ಎದ್ದು ನಿಂತು ಹೇಳಬೇಕು.

ಇದರ ಬಗ್ಗೆ ಬಂದ ಹೊಗಳಿಕೆಗೆ ಲೆಕ್ಕವಿಲ್ಲ. ಯೋಜನೆ ಮುಗಿದ ಮೇಲೆ ಹೋಗಿ ನೋಡಿದ ಸಂಶೋಧಕರು ತುಸು ತಣ್ಣೀರು ಎರಚಿದರು. ಹಣ ನಿಂತ ಮೇಲೆ ಅಳತೆಯ ಕೆಲಸ ಸಡಿಲವಾಗಿತ್ತು, ಸಮಿತಿಗಳು ಮಂಕಾಗಿದ್ದವು. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಕೆಆರ್‌ಎಸ್ ಮಟ್ಟವನ್ನು ಅಳೆಯಲು ಸಂಬಳದ ಮನುಷ್ಯನಿದ್ದಾನೆ, ಅವನು ರಜೆ ಹಾಕಿದರೆ ಇನ್ನೊಬ್ಬ ಬರುತ್ತಾನೆ. ಹಳ್ಳಿಯ ಮಟ್ಟವನ್ನು ಮಾತ್ರ ಪುಕ್ಕಟೆ ಉತ್ಸಾಹದ ಮೇಲೆ ಅಳೆಯಬೇಕು ಎಂಬ ನಿರೀಕ್ಷೆ ಯಾವ ನ್ಯಾಯ? ಹಿಂದೆ ಕೆರೆಗೆ ನೀರುಗಂಟಿ ಇದ್ದ, ಅವನಿಗೆ ಊರು ಕಾಳು ಅಳೆದುಕೊಡುತ್ತಿತ್ತು. ನೆಲದೊಳಗಿನ ಕೆರೆಗೆ ನೀರುಗಂಟಿಯನ್ನು ನಾವು ನೇಮಿಸಲೇ ಇಲ್ಲ.

ಮಹಾರಾಷ್ಟ್ರದ ಹಿವರೆ ಬಜಾರ್ ಇನ್ನೂ ಮುಂದೆ ಹೋಯಿತು. ನೀರಾವರಿಗೆ ಬೋರ್‌ವೆಲ್ ಬೇಡ ಎಂದೇ ಗ್ರಾಮಸಭೆ ತೀರ್ಮಾನಿಸಿತು, ಮಳೆ ನೋಡಿ ಬೆಳೆ ನಿರ್ಧರಿಸುತ್ತದೆ. ಆದರೆ ಅದು ಒಂದು ಊರು, ಪೋಪಟರಾವ್ ಪವಾರ್‌ರಂಥ ಸರಪಂಚರು ಸಿಕ್ಕ ಊರು. ನಮ್ಮಲ್ಲಿ ಅಟಲ್ ಭೂಜಲ ಯೋಜನೆ 14 ಜಿಲ್ಲೆಗಳ 1,199 ಪಂಚಾಯಿತಿಗಳಿಗೆ ಬಂತು, ಪ್ರತಿ ಪಂಚಾಯಿತಿಗೂ ನೀರಿನ ಆಯವ್ಯಯ ಇರಬೇಕು ಎಂದಿತು. ಅದು ಸರಿಯಾದ ದಾರಿ.

ದಾರಿಯಲ್ಲಿ ಎಡವುವ ಕಲ್ಲುಗಳೂ ಇವೆ. ಒಮ್ಮೆ ಒಂದು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ, ಯಾವ ಯೋಜನೆಯದೋ, ಬಣ್ಣ ಮಾಸಿದ್ದ ಫಲಕ ನೋಡಿದೆ. ಲಭ್ಯ ನೀರು ಇಷ್ಟು, ಬಳಕೆ ಇಷ್ಟು, ಕೊರತೆ ಇಷ್ಟು ‘ಹೆ.ಮೀ.’ ಎಂದು ಬರೆದಿತ್ತು. ಹೆ.ಮೀ. ಎಂದರೇನು ಎಂದು ಅಲ್ಲಿದ್ದ ಇಬ್ಬರು ಸದಸ್ಯರನ್ನು ಕೇಳಿದೆ. ಒಬ್ಬರು ಕಿಲೋಮೀಟರ್ ಇರಬಹುದು ಎಂದರು. ಅದು ಹೆಕ್ಟೇರ್ ಮೀಟರ್: ಒಂದು ಹೆಕ್ಟೇರ್ ನೆಲದ ಮೇಲೆ ಒಂದು ಮೀಟರ್ ಎತ್ತರ ನಿಂತ ನೀರು. ಲೆಕ್ಕ ಹಾಕಿದರೆ ಸರಿಯಾಗಿ ಒಂದು ಕೋಟಿ ಲೀಟರ್. ಆ ಎರಡಕ್ಷರದ ಜಾಗದಲ್ಲಿ ‘ಕೋಟಿ ಲೀಟರ್’ ಎಂದು ಬರೆದಿದ್ದರೆ ಅಂಕಿಯನ್ನೂ ಬದಲಾಯಿಸಬೇಕಿರಲಿಲ್ಲ, ಪೇಂಟರ್‌ಗೆ ಒಂದು ರೂಪಾಯಿ ಹೆಚ್ಚು ಕೊಡಬೇಕಿರಲಿಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಆ ಮಡಕೆಯ ಮಾತಾಡಿದ್ದ ತಾತನ ಊರಿನ ಕಡೆ ಹೋಗಿದ್ದೆ. ವಿದ್ಯಾರ್ಥಿನಿ ಓದು ಮುಗಿಸಿ ಹೋಗುವಾಗ ಹಳೆಯ ಟೇಪೊಂದನ್ನು ಅವರಿಗೇ ಬಿಟ್ಟುಹೋಗಿದ್ದಳಂತೆ, ತುದಿ ನೀರಿಗೆ ತಾಗಿದರೆ ಕೀಂ ಎನ್ನುವಂಥದ್ದು. ಮೊದಮೊದಲು ಮೋಟ್ರಿನ ಕೇಬಲ್ಲಿಗೆ ಸುತ್ತಿಕೊಂಡೀತು ಎಂದು ಮಗ ಕೇಸಿಂಗಿನ ಮುಚ್ಚಳ ತೆಗೆಯಲು ಬಿಟ್ಟಿರಲಿಲ್ಲವಂತೆ. ಆಮೇಲೆ ಮುಚ್ಚಳಕ್ಕೇ ಒಂದು ತೂತು ಹಾಕಿಸಿದ್ದಾರೆ. ಪಂಪ್‌ಹೌಸಿನ ಒಳಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿತ್ತು. ತಾರೀಕಿಲ್ಲ, ಮಳೆ ನಕ್ಷತ್ರದ ಹೆಸರು, ಪಕ್ಕದಲ್ಲಿ ಅಡಿ: ಮೃಗಶಿರ 412, ಪುನರ್ವಸು 415, ಮಘೆ 409, ಉತ್ತರೆ 396. ಅಲ್ಲಿಗೆ ನಿಂತಿತ್ತು.

‘ಯಾಕೆ ತಾತ, ಚಿತ್ತೆ, ಸ್ವಾತಿಯಲ್ಲಿ ಅಳೀಲಿಲ್ವಾ?’ ಎಂದೆ.

‘ಪಕ್ಕದ ತೋಟದೋನು ಟೇಪು ಇಸ್ಕಂಡೋದ ಸಾಮಿ. ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ ಅಂತಾನೆ, ಇನ್ನೂ ಕೊಟ್ಟಿಲ್ಲ.’